ಎರಡು ನೂಲು ಬುಟ್ಟು

ಮೊದಲು ನಮ್ಮ ತಾತನ ಕಿವಿಯ ಬಗ್ಗೆ ಹೇಳಿಬಿಡುತ್ತೇನೆ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯಲ್ಲಿ ಒಂದು ಚೂರು ಉಳಿದಿದೆ, ಅದೂ ನಾನು ಬಾಯಿಟ್ಟು ಕಿರುಚಿದರೆ ಮಾತ್ರ. ನಾನು ಕಿರುಚಿದರೆ ಕೊಡಿಗೇನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುವ ಹಿಂದೂಪುರದ ಬಸ್ಸು, ಕಂಡಕ್ಟರ್ ರೈಟ್ ಅಂದನೆಂದು ತಿಳಿದು ಹೊರಟುಬಿಡುತ್ತದೆ. ಇದರಲ್ಲಿ ಸ್ವಲ್ಪ ಉಪ್ಪುಖಾರ ಹಚ್ಚಿದ್ದೇನೆ. ಆದರೆ ಸ್ವಲ್ಪವೇ.

ಇಂಥ ತಾತನಿಗೂ ಒಂದು ಸದ್ದು ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಮನೆ ಪಕ್ಕದ ಶೆಡ್ಡಿನಲ್ಲಿದ್ದ ಆಯಿಲ್ ಇಂಜಿನ್ನಿನ ಸದ್ದು. ಕರೀ ಎಮ್ಮೆಯಂಥ ಇಂಜಿನ್ನು, ಎರಡು ಕಡೆ ನನ್ನ ಎದೆಯೆತ್ತರದ ಗಾಲಿಗಳು. ತಾತನ ಅಪ್ಪ ತಂದದ್ದು. ಹಿಟ್ಟಿನ ಮಿಲ್ಲನ್ನು ಅದೇ ಓಡಿಸುತ್ತಿತ್ತು. ತಾತ ಜೀವಮಾನವೆಲ್ಲ ಅದರ ಪಕ್ಕ ನಿಂತು ರಾಗಿ ಬೀಸಿದ. ಅವನ ಕಿವಿ ತಿಂದದ್ದೂ ಅದೇ, ಉಳಿದ ಚೂರಿಗೆ ಕೇಳಿಸುತ್ತಿದ್ದದ್ದೂ ಅದೊಂದೇ. ಲೋಕದ ಬೇರೆ ಸದ್ದುಗಳನ್ನೆಲ್ಲ ಆಚೆ ಹಾಕಿ ಬಾಗಿಲು ಜಡಿದುಕೊಂಡು ತಾನೊಬ್ಬನೇ ಒಳಗಿದ್ದ ಬಾಡಿಗೆದಾರನ ಹಾಗೆ.

ಆಮೇಲೆ ಮಿಲ್ಲಿಗೆ ಕರೆಂಟಿನ ಮೋಟರ್ ಬಂತು. ಇಂಜಿನ್ನಿಗೆ ಕೆಲಸ ಹೋಯಿತು. ಆದರೂ ಪ್ರತಿ ಅಮಾವಾಸ್ಯೆ ತಾತ ಅದಕ್ಕೆ ಎಣ್ಣೆ ಬಿಟ್ಟು, ಹ್ಯಾಂಡಲ್ ಹಾಕಿ ತಿರುಗಿಸಿ, ಬೆಲ್ಟಿಲ್ಲದೆ ಸುಮ್ಮನೆ ಓಡಿಸುತ್ತಿದ್ದ. ಕುಕ್, ಕುಕ್, ಕುಕ್. ಗೋಡೆಗೆ ಅಂಗೈ ಒತ್ತಿ ಕೂತು, "ಕೇಳ್ತಾ ಐತೆ ಕಣಮ್ಮ" ಅನ್ನುತ್ತಿದ್ದ. ತಿಂಗಳಿಗೆ ಅಷ್ಟೇ ಅವನಿಗೆ ಲೋಕ ಕೇಳುತ್ತಿದ್ದದ್ದು.

ಹೋದ ವರ್ಷ ಮೋಟರ್ ಸುಟ್ಟುಹೋಯಿತು. ಬೀಸಿಸುವವರು ಬಸ್‌ಸ್ಟ್ಯಾಂಡ್ ಹತ್ತಿರದ ಹೊಸ ಮಿಲ್ಲಿಗೆ ಹೋದರು. ಆಗ ಚಿಕ್ಕಪ್ಪ ಶೆಡ್ಡಿನ ಮೇಲೆ ಕಣ್ಣು ಹಾಕಿದ.

"ಅಪ್ಪಯ್ಯ, ಆ ಶೆಡ್ಡು ನಂಗೆ ಕೊಡು. ಗೋಬಿ ಅಂಗಡಿ ಮಡಗ್ತೀನಿ."

"ಗೋಣಿ ಅಂಗಡೀನಾ? ಗೋಣಿಚೀಲ ಈಗ ಯಾರ್ಲಾ ತಗಂತಾರೆ? ಎಲ್ಲಾ ಪ್ಲಾಸ್ಟಿಕ್ಕು."

"ಗೋಣಿ ಅಲ್ಲ ಕಣಪ್ಪೋ, ಗೋಬಿ! ಗೋಬಿ ಮಂಚೂರಿ!"

ತಾತ ನನ್ನ ಕಡೆ ನೋಡಿದ. ನಾನು ಎಡಗಿವಿಗೆ ಬಾಯಿಟ್ಟು, "ಹೂಕೋಸಿನ ಬೋಂಡ, ತಾತ!" ಎಂದು ಕಿರುಚಿದೆ. ತಾತ ಶೆಡ್ಡಿನ ಕಡೆ ಒಮ್ಮೆ ನೋಡಿ, "ಅದುಕ್ಕೆ ಯಾಕೆ ಶೆಡ್ಡು?" ಎಂದ.

ಚಿಕ್ಕಪ್ಪ ಕೆಟ್ಟವನಲ್ಲ, ಅವನಿಗೆ ತಾಳ್ಮೆ ಸ್ವಲ್ಪ ಕಡಿಮೆ ಅಷ್ಟೆ. ಕೊನೆಗೆ ಒಂದು ಮಾತು ಆಯಿತು. ಅದನ್ನು ತಾತನ ಕಿವಿಗೆ ದಾಟಿಸಿದವಳು ನಾನೇ, ಹಾಗಾಗಿ ಅಕ್ಷರ ಅಕ್ಷರವೂ ನೆನಪಿದೆ. "ಆಯುಧಪೂಜೆ ದಿನ ಈ ಇಂಜಿನ್ನು ಒಂದು ಸೇರು ರಾಗಿ ಬೀಸಿ ತೋರಿಸ್ಲಿ. ಬೀಸುದ್ರೆ ನಾನೇ ಕುಂಬಳಕಾಯಿ ಒಡೀತೀನಿ, ಶೆಡ್ಡಿನ ಸುದ್ದಿ ಎತ್ತಾಕಿಲ್ಲ. ಬೀಸ್ಲಿಲ್ಲ ಅಂದ್ರೆ ಮಾರನೇ ದಿನ ಪಾವಗಡದ ಗುಜರಿಯೋನು ಗಾಡಿ ತರ್ತಾನೆ."

ತಾತ ಒಪ್ಪಿದ. ಇಂಜಿನ್ನು ಓಡುತ್ತಿತ್ತು, ಬೀಸುವ ಕಲ್ಲೂ ಚೆನ್ನಾಗಿತ್ತು. ನಡುವಿನ ನಂಟೇ ಇರಲಿಲ್ಲ. ಇಂಜಿನ್ನಿನ ಹಳೇ ಪುಲ್ಲಿ, ಅಂದರೆ ಬೆಲ್ಟ್ ಸುತ್ತುವ ಚಕ್ರ, ಚಪ್ಪಟೆ ಬೆಲ್ಟಿನದು, ಅದೂ ಸೀಳು ಬಿಟ್ಟಿತ್ತು. ಆ ಬೆಲ್ಟನ್ನು ಇಲಿಗಳು ತಿಂದು ಹಬ್ಬ ಮಾಡಿದ್ದವು. ಮಿಲ್ಲಿನ ಕಡೆ ಇದ್ದದ್ದು ಮೋಟರ್ ಕಾಲದ ವಿ-ಬೆಲ್ಟ್ ಪುಲ್ಲಿ. ಅಂದರೆ ಇಂಜಿನ್ನಿಗೂ ಎರಡು ಗಾಡಿಯ ಒಂದು ವಿ-ಬೆಲ್ಟ್ ಪುಲ್ಲಿ ಆಗಬೇಕು. ಗಾಡಿ ಎಂದರೆ ಎತ್ತಿನಗಾಡಿ ಅಲ್ಲ, ಬೆಲ್ಟ್ ಕೂರುವ ಸಂದು. ಇಂಜಿನ್ನು ನಿಧಾನಸ್ಥ, ಆದ್ದರಿಂದ ಅದರ ಪುಲ್ಲಿ ಇಷ್ಟು ದೊಡ್ಡದಿರಬೇಕು, ಆಗ ಕಲ್ಲು ಇಷ್ಟು ವೇಗ ತಿರುಗುತ್ತದೆ ಎಂದು ಲೆಕ್ಕ ಹಾಕಿದವಳು ನಾನು. ಸೆಕೆಂಡ್ ಪಿಯುಸಿ, ಸೈನ್ಸು. ಆ ಲೆಕ್ಕ ಸರಿಯಾಗಿತ್ತು. ಇದನ್ನು ಮುಂದೆಯೂ ಒಂದೆರಡು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬಾರದು.

ಕಬ್ಬಿಣ ಕಡೆದುಕೊಡುವ ಮಧುಗಿರಿಯ ಲೇತ್ ಅಂಗಡಿಗಳಿಗೆ ಹೋದೆವು. ಒಬ್ಬ, "ಬೋರ್‌ವೆಲ್ ಕೆಲ್ಸ ಬುಟ್ರೆ ನಾವೇನೂ ಮುಟ್ಟಾಕಿಲ್ಲ" ಎಂದ. ಇನ್ನೊಬ್ಬ ತಾತನನ್ನೂ ನನ್ನನ್ನೂ ನೋಡಿ, "ಇಂಜಿನ್ನಾ? ಯಾವುದಾದ್ರೂ ಮ್ಯೂಸಿಯಂಗೆ ಕೊಟ್ಬುಡಿ, ಜೊತೆಗೆ ಯಜಮಾನ್ರನ್ನೂ ತಗಂತಾರೆ" ಎಂದ. ತಾತ ಅದು ಹೊಗಳಿಕೆ ಎಂದುಕೊಂಡು ಕೈಮುಗಿದ. ನಾನು ತಿದ್ದಲಿಲ್ಲ.

ಸಿರಾದಲ್ಲಿ ಒಬ್ಬರು ಮಾಡಿಕೊಡುತ್ತಾರೆ ಎಂದು ಸುದ್ದಿ ಸಿಕ್ಕಿತು. ಹೋಗುವ ದಾರಿಯಲ್ಲಿ ಮದಲೂರಿನ ನೆಂಟರ ಹಿತ್ತಲಿಂದ, ಪುಲ್ಲಿ ಕಡೆಸಲು, ಒಂದು ಬೀಡು ಕಬ್ಬಿಣದ ಚಕ್ರ ಎತ್ತಿಕೊಂಡೆವು. ಯಾವುದೋ ಕಾಲದ ಕಬ್ಬಿನ ಗಾಣದ್ದು. ಅದರ ಮೇಲೆ ಕೋಳಿಗಳು ಮಲಗುತ್ತಿದ್ದವು. ನಾವು ಎತ್ತಿದಾಗ ಅವು ನಮ್ಮನ್ನು ನೋಡಿದ ರೀತಿ ನೋಡಿದರೆ ಕೋರ್ಟಿಗೆ ಹೋಗುವಂತಿದ್ದವು. ಅಂಥ ಗಟ್ಟಿ ಚಕ್ರ ಬೇರೆ ಎಲ್ಲೂ ಇರಲಿಲ್ಲ, ಅದೊಂದೇ.

ಸಿರಾದ ಲೇತ್ ಅಂಗಡಿಯವರನ್ನು ಎಲ್ಲರೂ ಭಾಯ್ ಅನ್ನುತ್ತಿದ್ದರು, ನಾವೂ ಅಂದೆವು. ಗಡ್ಡಕ್ಕೆ ಮೆಹಂದಿ, ಕಣ್ಣಿಗೆ ದಾರ ಕಟ್ಟಿದ ಕನ್ನಡಕ. ಚಕ್ರವನ್ನು ತಿರುವಿ ನೋಡಿ, ಉಗುರಿನಿಂದ ತಟ್ಟಿ, "ಮಾಲ್ ಅಚ್ಛಾ ಐತೆ. ಬೋರ್ ಎಷ್ಟು?" ಎಂದರು. ಬೋರ್ ಎಂದರೆ ನಡುವಿನ ತೂತು. ಇಂಜಿನ್ನಿನ ಶಾಫ್ಟ್, ಅಂದರೆ ತಿರುಗುವ ದಂಡ, ಅದರೊಳಗೆ ಬಿಗಿಯಾಗಿ ಕೂರಬೇಕು. ಒಳಗೆ ಎರಡು ಲೇತು ಓಡುತ್ತಿದ್ದವು, ಗ್ರೈಂಡರ್ ಬೇರೆ ಅರಚುತ್ತಿತ್ತು.

"ತಾತ, ತೂತು ಎಷ್ಟು ಅಂತೆ!"

ತಾತನಿಗೆ ಆ ಶಾಫ್ಟು ತನ್ನ ಹೆಬ್ಬೆರಳಿನಷ್ಟೇ ಪರಿಚಯ. ತಡಮಾಡದೆ ಹೇಳಿದ: "ಎರಡಿಂಚು. ಎರಡು ನೂಲು ಬುಟ್ಟು."

ಭಾಯ್ ಹಣೆ ಗಂಟಿಕ್ಕಿದರು. "ನೂಲು? ಯಾವ ನೂಲು ಬೇಟಾ? ಪಂಚೆ ನೂಲಾ?"

ಇಲ್ಲಿ ನನ್ನ ಬುದ್ಧಿ ಮಿಂಚಿತು. ಇಂಚನ್ನು ಎಂಟು ಪಾಲು ಮಾಡಿದರೆ ಒಂದು ಪಾಲಿಗೆ ನಮ್ಮ ಕಡೆ ನೂಲು ಅನ್ನುತ್ತಾರೆ, ಸಿರಾದ ಕಡೆ ಉರ್ದುವಿನಲ್ಲಿ ಸೂತ್ ಅನ್ನುತ್ತಾರೆ. ಎರಡೂ ದಾರವೇ, ಎರಡೂ ಒಂದೇ ಅಳತೆ. ಇದನ್ನು ನಾನು ಇಬ್ಬರಿಗೂ ಕೈ ಬಾಯಿ ಎಲ್ಲ ಬಳಸಿ ವಿವರಿಸಿದೆ. ವಿಶ್ವಸಂಸ್ಥೆಯಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು ಕೂತವರೂ ಅಷ್ಟು ಚೆನ್ನಾಗಿ ದಾಟಿಸುತ್ತಿರಲಿಲ್ಲ. ಭಾಯ್ ಮುಖ ಅರಳಿತು.

"ಅರೆ, ಸೂತ್! ಅಂಗೆ ಯೋಳಿ ಮತ್ತೆ. ಎರಡಿಂಚು, ಎರಡು ಸೂತ್ ಬುಟ್ಟು."

"ಹೂಂ, ಬುಟ್ಟು," ಎಂದು ತಾತ ತಲೆಯಾಡಿಸಿದ.

ಭಾಯ್ ಲೇತಿನ ಮೈಮೇಲೆ ಸೀಮೆಸುಣ್ಣದಲ್ಲಿ 2 ಎಂದು ಬರೆದು, ಒಂದು ಗೀಟೆಳೆದು, ಇನ್ನೊಂದು 2 ಬರೆದರು. ತಾತ ಅದನ್ನೂ ನೋಡಿ ತಲೆಯಾಡಿಸಿದ. ನಾನೂ ಆಡಿಸಿದೆ. ಮೂರು ಸಲ ತಲೆ ಆಡಿದ ಮೇಲೆ ಕೆಲಸ ಶುರುವಾಯಿತು.

ಅವತ್ತಿನ ಕೆಲಸ ಮಾತ್ರ ನೋಡುವಂತಿತ್ತು. ಚಕ್ರವನ್ನು ಲೇತಿನ ನಾಲ್ಕು ದವಡೆಗೆ ಕಚ್ಚಿಸಿ, ತಿರುಗಿಸಿ, ಸೀಮೆಸುಣ್ಣ ತಾಗಿಸಿ ಎಲ್ಲಿ ಉಬ್ಬಿದೆ ನೋಡಿ, ಒಂದು ದವಡೆ ಸಡಿಲಿಸಿ ಇನ್ನೊಂದು ಬಿಗಿದು, ಮತ್ತೆ ತಿರುಗಿಸಿದರು. ಬೀಡು ಕಬ್ಬಿಣ ಬೇರೆ ಕಬ್ಬಿಣದ ಹಾಗೆ ಸುರುಳಿ ಸುರುಳಿಯಾಗಿ ಬರುವುದಿಲ್ಲ, ಕರೀ ಪುಡಿಯಾಗಿ ಉದುರುತ್ತದೆ. ತಾತ ಬೆಂಚಿನಿಂದ ಎದ್ದು ಹೋಗಿ, ಬೀಳುತ್ತಿದ್ದ ಪುಡಿಗೆ ಕೈ ಒಡ್ಡಿದ. ಹೆಬ್ಬೆರಳಿಂದ ಉಜ್ಜಿ ನೋಡಿದ, ಮಿಲ್ಲಿನಲ್ಲಿ ರಾಗಿ ಹಿಟ್ಟು ನೋಡುತ್ತಿದ್ದ ಹಾಗೆಯೇ.

"ಒಸಿ ತರಿ ಐತೆ. ಇನ್ನೊಂದ್ ಸಲ ಬೀಸಪ್ಪ."

ಭಾಯ್ ಲೇತ್ ನಿಲ್ಲಿಸಿ ನಕ್ಕರು. "ಯಜಮಾನ್ರೇ, ಇದ್ರಲ್ಲಿ ಮುದ್ದೆ ಮಾಡುದ್ರೆ ನುಂಗಾಕೆ ಅಯಸ್ಕಾಂತ ಬೇಕು!"

ತೂತು ಕೊರೆದಾದ ಮೇಲೆ ಗಾಡಿ ಬಿಡಿಸಿದರು. ಮೊದಲು ನೇರವಾಗಿ ಸಂದು ಕೊರೆದು, ಆಮೇಲೆ ಹತ್ಯಾರದ ಮಣೆಯನ್ನು ಓರೆ ತಿರುಗಿಸಿ ಒಂದು ಗೋಡೆ, ಆಚೆ ಓರೆ ತಿರುಗಿಸಿ ಇನ್ನೊಂದು ಗೋಡೆ. ಬೆಲ್ಟು ಸಂದಿನ ತಳಕ್ಕೆ ತಾಗಬಾರದು, ಎರಡು ಗೋಡೆಗಳನ್ನೇ ಅಪ್ಪಿ ಹಿಡಿಯಬೇಕು, ಇಲ್ಲದಿದ್ದರೆ ಜಾರುತ್ತದೆ ಎಂದು ನಾನು ಭಾಯ್‌ಗೆ ತಿಳಿಸಿಕೊಟ್ಟೆ. "ಹೌದಾ ಬೇಟಾ?" ಎಂದು ಅವರು ಬಹಳ ಗಂಭೀರವಾಗಿ ಕೇಳಿದರು. ತಾತ ಮೋಟರ್ ಕಾಲದ ವಿ-ಬೆಲ್ಟನ್ನು ಕೊರಳಿಗೆ ಹಾರದ ಹಾಗೆ ಹಾಕಿಕೊಂಡೇ ಬಂದಿದ್ದ; ಬಸ್ಸಿನಲ್ಲಿ ಜನ ಚುನಾವಣೆಗೆ ನಿಂತಿದ್ದಾನೆ ಎಂದುಕೊಂಡಿರಬೇಕು. ಅದನ್ನು ತೆಗೆದು ಗಾಡಿಯಲ್ಲಿ ಕೂರಿಸಿದರೆ ಅಂಚಿಗೆ ಅಂಚು ಸಮವಾಗಿ ಕೂತಿತು. ತಾತ ಅದರ ಮೇಲೆ ಬೆರಳಾಡಿಸಿ ಕಣ್ಣು ಮುಚ್ಚಿದ. ಆಗ ನನಗೂ ಒಂದು ಗಳಿಗೆ, ಇದು ಆಗಿಯೇ ಹೋಗುತ್ತದೇನೋ ಅನಿಸಿತು. ಆ ಗಳಿಗೆಯನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ, ಈ ಕಥೆಯಲ್ಲಿ ಅಂಥದ್ದು ಹೆಚ್ಚು ಇಲ್ಲ.

ವಾಪಸ್ ಬರುವಾಗ ಪುಲ್ಲಿ ಗೋಣಿಚೀಲದಲ್ಲಿ ಸುತ್ತಿ ನನ್ನ ತೊಡೆಯ ಮೇಲಿತ್ತು. ಬಸ್ಸಿಳಿಯುವ ಹೊತ್ತಿಗೆ ನನ್ನ ಎತ್ತರ ಕಡಿಮೆಯಾಗಿತ್ತು.

"ಏನಮ್ಮಾ ಅದು?" ಎಂದ ಕಂಡಕ್ಟರ್.

"ಕೇಕು."

"ಯಾರ್ ಬರ್ತ್‌ಡೇ?"

"ಇಂಜಿನ್ನಿಂದು."

"ವಯಸ್ಸೆಷ್ಟು?"

"ನಿಮ್ಮ ಬಸ್ಸಿಗಿಂತ ಒಸಿ ಚಿಕ್ಕದು."

ಆಯುಧಪೂಜೆಯ ಹಿಂದಿನ ಸಂಜೆ ಪುಲ್ಲಿಯನ್ನು ಶಾಫ್ಟಿಗೆ ಏರಿಸಲು ಕೂತೆವು. ತಾತ ಸುತ್ತಿಗೆ, ಮರದ ತುಂಡು, ಎಣ್ಣೆ ಎಲ್ಲ ಜೋಡಿಸಿಟ್ಟಿದ್ದ. ಪುಲ್ಲಿ ಬಿಗಿಯಾಗಿರುತ್ತದೆ, ಮೆಲ್ಲಗೆ ಹೊಡೆದು ಏರಿಸಬೇಕು ಎಂದು ನನಗೆ ಪಾಠ ಹೇಳಿದ. ಆಮೇಲೆ ಪುಲ್ಲಿ ಎತ್ತಿ ಶಾಫ್ಟಿನ ತುದಿಗೆ ಇಟ್ಟ.

ಸುತ್ತಿಗೆ ಬೇಕಾಗಲಿಲ್ಲ. ಸಣಕಲು ಕೈಗೆ ಅತ್ತೆಯ ಬಳೆ ಹಾಕಿದ ಹಾಗೆ ಪುಲ್ಲಿ ಸರ್ರನೆ ಒಳಗೆ ಹೋಗಿ, ಜೋತುಬಿದ್ದು, ಒಂದು ಸುತ್ತು ತಿರುಗಿ, ಖಣ್ ಎಂದಿತು. ಕೆಳಗೆ ನನ್ನ ಕಿರುಬೆರಳು ತೂರುವಷ್ಟು ಸಂದು.

ತಾತ ಪುಲ್ಲಿಯನ್ನು ಹೊರಗೆ ಎಳೆದ. ಮತ್ತೆ ಹಾಕಿದ. ಖಣ್. ಅವನಿಗೆ ಆ ಸದ್ದು ಕೇಳಲಿಲ್ಲ, ಆದರೆ ಕೈಗೆ ಗೊತ್ತಾಯಿತು.

ನಾನು ಭಾಯ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. "ಭಾಯ್, ತೂತು ದೊಡ್ಡದಾಗೈತೆ!"

"ಎಷ್ಟು ಮಾಡಿವ್ನಿ? ಎರಡೂಕಾಲು ಇಂಚು. ಸರಿಯಾಗೈತಲ್ಲ."

"ಎರಡೂಕಾಲಾ? ತಾತ ಯೋಳಿದ್ದು ಒಂದೂಮುಕ್ಕಾಲು!"

"ಯಾವಾಗ ಯೋಳಿದ್ರು? ಎರಡಿಂಚು, ಎರಡು ಸೂತ್ ಬುಟ್ಟು ಅಂದ್ರು. ನಾನು ಬುಟ್ಟೆ."

ನಾನು ತಾತನ ಕಿವಿಗೆ ಕಿರುಚಿದೆ. ತಾತ ಫೋನಿನ ಮೇಲೆ ಬಗ್ಗಿ ಕೂಗಿದ: "ನಾನೂ ಅದೇ ಅಂದಿದ್ದು ಭಾಯ್! ಎರಡು ನೂಲು ಬುಟ್ಟು! ಎರಡ್ರಲ್ಲಿ ಎರಡು ನೂಲು ತೆಗ್ದು!"

"ಅರೆ ಯಜಮಾನ್ರೇ, ತೆಗ್ದು ಅಂದ್ರೆ ತೆಗೀತಿದ್ದೆ. ಬುಟ್ಟು ಅಂದ್ರೆ ಬುಡೋದು! ತೂತಿಗೆ ಸೂತ್ ಬುಡೋದು ಅಂದ್ರೆ ದೊಡ್ಡದು ಬುಡೋದು!"

ಹೀಗೆ. ನೂಲು ಬೇರೆ ಸೂತ್ ಬೇರೆ ಎಂದು ಗಾಬರಿಯಾಗಿ ನಾನು ಅಲ್ಲಿ ಸೇತುವೆ ಕಟ್ಟಿದೆ. ಹಳ್ಳ ಇದ್ದದ್ದು ಪಕ್ಕದಲ್ಲಿ, ಮೂವರಿಗೂ ಚೆನ್ನಾಗಿ ಗೊತ್ತಿದ್ದ ಪದದಲ್ಲಿ. ಹಿಟ್ಟಿನ ಮಿಲ್ಲಿನವನಿಗೆ ಬುಟ್ಟು ಎಂದರೆ ಕಳೆಯುವುದು: ಚೀಲದ ತೂಕ ಬುಟ್ಟು ರಾಗಿ ಇಷ್ಟು. ಲೇತಿನವರಿಗೆ ಬುಟ್ಟು ಎಂದರೆ ಜಾಗ ಬಿಡುವುದು, ಅಂದರೆ ಕೂಡುವುದು. ಒಬ್ಬರು ಎರಡು ನೂಲು ಆ ಕಡೆ ಬಿಟ್ಟರು, ಒಬ್ಬರು ಈ ಕಡೆ ಬಿಟ್ಟರು. ಅರ್ಧ ಇಂಚು ಗಾಳಿ ಉಳಿಯಿತು. ನನ್ನ ಲೆಕ್ಕ ಸರಿಯಾಗಿತ್ತು ಎಂದು ಹೇಳಿದ್ದೆ ಅಲ್ಲವೇ? ಈಗಲೂ ಸರಿಯಾಗಿಯೇ ಇದೆ.

ಕಬ್ಬಿಣ ತೆಗೆಯಬಹುದು, ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಆದರೆ ಭಾಯ್ ಹತ್ತಿರ ಒಂದು ದಾರಿ ಇತ್ತು. ಸಂದಿಗೆ ಸರಿಯಾಗಿ ಒಂದು ಬಳೆಯಂಥ ಬುಷ್ ಕಡೆದು ಒಳಗೆ ಕೂರಿಸುವುದು.

"ಈಗ್ಲೇ ತರ್ಲಾ ಭಾಯ್?"

"ಬೇಟಾ, ನಮ್ ಹುಡುಗ್ರು ಆಗ್ಲೇ ಲೇತ್ ತೊಳ್ದು ಬಾಳೆಕಂದು ಕಟ್ಟವ್ರೆ. ಪೂಜೆ ಆಗೋಗಂಟ ಕರೆಂಟ್ ಹಾಕಂಗಿಲ್ಲ. ನಾನು ಸ್ವಿಚ್ ಮುಟ್ಟುದ್ರೆ ನನ್ನನ್ನೂ ಕಂದಿನ ಜೊತೆ ಕಟ್ತಾರೆ. ನಾಳಿದ್ದು ಬಾ."

ನಾಳಿದ್ದು ಗುಜರಿಯವನು ಬರುವ ದಿನ. ನಾನು ಮಧುಗಿರಿಗೆ ಫೋನ್ ಮಾಡಿದೆ, ಕೊರಟಗೆರೆಗೆ ಮಾಡಿದೆ, ಪಾವಗಡಕ್ಕೆ ಮಾಡಿದೆ. ಕೊಳಾಲದಲ್ಲಿ ಒಬ್ಬ ವೆಲ್ಡಿಂಗಿನವನು, "ಕುಂಕುಮ ಇಟ್ಟಾಯ್ತು ಕಣಕ್ಕ" ಎಂದು ಎಷ್ಟು ನೋವಿನಿಂದ ಹೇಳಿದನೆಂದರೆ ನಾನೇ ಅವನಿಗೆ ಸಮಾಧಾನ ಹೇಳಬೇಕಾಯಿತು. ಆಯುಧಗಳಿಗೆಂದೇ ಇರುವ ಹಬ್ಬದಲ್ಲಿ ನಾಲ್ಕು ತಾಲ್ಲೂಕಿನಲ್ಲಿ ಒಂದೇ ಒಂದು ಆಯುಧ ಕೆಲಸಕ್ಕೆ ಸಿಗಲಿಲ್ಲ. ಎಲ್ಲವೂ ಹೂ ಮುಡಿದು ಮದುವೆ ಹೆಣ್ಣಿನ ಹಾಗೆ ಕೂತಿದ್ದವು.

ಚಿಕ್ಕಪ್ಪನನ್ನು ಒಂದು ದಿನದ ವಾಯಿದೆ ಕೇಳಿ ನೋಡಿದೆ. "ಒಂದಿನ ಅಂದ್ರೆ ಒಂದೊರ್ಸ ಆಯ್ತದೆ ಕಣಮ್ಮ, ಈ ಮನೇಲಿ ನಂಗೊತ್ತು" ಎಂದ. ತಾತ ನನ್ನ ಕೈ ಹಿಡಿದು ಎಳೆದ. "ಬುಡು. ಮಾತು ಅಂದ್ರೆ ಮಾತು."

ಬೆಳಿಗ್ಗೆ ತಾತ ಸ್ನಾನಕ್ಕೂ ಮುಂಚೆ ಹಳೇ ಪೈಪಿನ ಒಂದು ತುಂಡನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿ ಶಾಫ್ಟಿಗೆ ತೊಡಿಸಿದ. ಇನ್ನೂ ಸಂದು ಉಳಿಯಿತು. ಎಣ್ಣೆ ಡಬ್ಬದ ತಗಡು ಕತ್ತರಿಸಿ ಸುತ್ತಿದ. ಪುಲ್ಲಿ ಶಾಫ್ಟಿನ ಮೇಲೆ ಜಾರದಂತೆ ಎರಡರ ನಡುವೆ ಒಂದು ಬೆಣೆ ಬೇಕು, ಇದ್ದ ಬೆಣೆ ಈಗ ಗಿಡ್ಡವಾಗಿತ್ತು. ತಾತ ತನ್ನ ಹಳೇ ಉಳಿಯನ್ನೇ ಕತ್ತರಿಸಿ ಬೆಣೆ ಮಾಡಿ ಬಡಿದ. ಒಟ್ಟು ನೋಡಿದರೆ ಅದು ಪುಲ್ಲಿಯಲ್ಲ, ಪೈಪು, ತಗಡು, ಉಳಿ ಎಲ್ಲ ಸೇರಿದ ಸಮ್ಮಿಶ್ರ ಸರ್ಕಾರ. ಎಷ್ಟು ದಿನ ಇರುತ್ತದೆ ಎಂದು ನಮಗೂ ಗೊತ್ತಿತ್ತು.

ಚಿಕ್ಕಪ್ಪ ಬೂದುಗುಂಬಳ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ನಿಜವಾಗಿಯೂ ಒಡೆಯಲೆಂದೇ ತಂದಿದ್ದ, ಅದರ ಹೊಟ್ಟೆಯಲ್ಲಿ ತೂತು ಮಾಡಿ ಕುಂಕುಮ ಕೂಡ ತುಂಬಿದ್ದ. ನಾನು ರಾಗಿ ಸುರಿಯಲು ನಿಂತೆ. ತಾತ ಹ್ಯಾಂಡಲ್ ತಿರುಗಿಸಿದ.

ಕುಕ್. ಕುಕ್. ಕುಕ್.

ತಾತನ ಮುಖದಲ್ಲಿ ಎಲ್ಲ ಸುಕ್ಕುಗಳೂ ಒಂದೇ ಕಡೆಗೆ ತಿರುಗಿದವು. ಬೆಲ್ಟು ಎಳೆಯಿತು, ಕಲ್ಲು ತಿರುಗಿತು. "ಸುರಿ, ಸುರಿ!" ಎಂದ. ಸುರಿದೆ. ಕೆಳಗಿನ ಬಟ್ಟೆಯ ಚೀಲ ಉಬ್ಬಿ, ಹಿಟ್ಟಿನ ಬಿಸಿ ವಾಸನೆ ಬಂತು. ಚಿಕ್ಕಪ್ಪ ಕುಂಬಳಕಾಯಿಯನ್ನು ಎರಡು ಕೈಗೂ ತೆಗೆದುಕೊಂಡ.

ಅಷ್ಟರಲ್ಲಿ ತಾತ ತಲೆ ವಾರೆ ಮಾಡಿದ. ನಮ್ಮ ಯಾರಿಗೂ ಏನೂ ಕೇಳಿಸಿರಲಿಲ್ಲ, ಕಿವುಡನಿಗೆ ಕೇಳಿಸಿತು. "ಸದ್ದು ಕೆಟ್ಟೈತೆ," ಎಂದ. ಆಮೇಲೆ ನಮಗೆ ಕಂಡಿತು. ಪುಲ್ಲಿ ಕುಡಿದವನ ಹಾಗೆ ತೂರಾಡಿತು. ತಗಡು ಕೆರೆದುಕೊಂಡು ಹೊರಗೆ ಬಂತು, ಉಳಿಯ ಬೆಣೆ ಠಣ್ಣನೆ ತುಂಡಾಗಿ ಗೋಡೆಗೆ ಹೋಗಿ ಬಡಿಯಿತು, ಬೆಲ್ಟು ಮಗುಚಿ ಉದುರಿತು. ಕಲ್ಲು ನಿಧಾನವಾಗಿ ನಿಂತಿತು. ಇಂಜಿನ್ನು ಮಾತ್ರ ಏನೂ ಆಗದ ಹಾಗೆ ಕುಕ್ ಕುಕ್ ಎನ್ನುತ್ತಲೇ ಇತ್ತು. ತಾತ ಬಹಳ ಹೊತ್ತು ಅದನ್ನು ನಿಲ್ಲಿಸಲಿಲ್ಲ.

ನಿಲ್ಲಿಸಿದ ಮೇಲೆ, "ಎಷ್ಟಾಯ್ತು ಹಿಟ್ಟು?" ಎಂದು ಕೇಳಿದ.

ನಾನು ಚೀಲಕ್ಕೆ ಕೈಹಾಕಿ ನೋಡಿದೆ. ಒಂದು ಹಿಡಿ ತುಂಬಲಿಲ್ಲ. ಎಡಗಿವಿಗೆ ಬಾಯಿಟ್ಟು, "ಒಂದು ಸೇರು ಆಗೇ ಹೋಯ್ತು ತಾತ!" ಎಂದು ಕಿರುಚಿದೆ. ಚಿಕ್ಕಪ್ಪ ನೆಲ ನೋಡಿದ. ಅವನು ಆ ಕ್ಷಣದಲ್ಲಿ ಸುಮ್ಮನಿದ್ದನಲ್ಲ, ಅದಕ್ಕೆ ನಾನು ಅವನ ಗೋಬಿಯನ್ನು ಇವತ್ತಿಗೂ ಬೈಯುವುದಿಲ್ಲ.

ತಾತ ನನ್ನ ಅಂಗೈ ಬಿಡಿಸಿ ಹಿಟ್ಟನ್ನು ಹೆಬ್ಬೆರಳಿಂದ ಉಜ್ಜಿದ. "ಕಿವಿ ಹೋಗೈತೆ ಕಣಮ್ಮ, ಕಣ್ಣು ಐತೆ," ಎಂದ. ಆಮೇಲೆ, "ನುಣ್ಣಗೈತೆ," ಎಂದ.

ಕುಂಬಳಕಾಯಿ ಒಡೆಯಲಿಲ್ಲ. ಕುಂಕುಮ ತೊಳೆದು ಅಮ್ಮ ಮಜ್ಜಿಗೆಹುಳಿ ಮಾಡಿದಳು. ಸ್ವಲ್ಪ ಕೆಂಪಗಿತ್ತು.

ಮಾರನೇ ದಿನ ಪಾವಗಡದ ಗುಜರಿಯವನು ಗಾಡಿ ತಂದ. ಇಂಜಿನ್ನು ಏರಿಸಲು ಐದಾರು ಜನ ಬೇಕಾದರು. ನಾನು ಹೇಳುವುದಾದರೆ ಐವತ್ತು. ಅವನು ತಾತನ ಮುಂದೆ ನಿಂತು, "ಏಂ ಪೆದ್ದಾಯನಾ, ಇಲ್ಲಿರೋದು ಮೊತ್ತಂ ತಗಂಡೋಗದೇನಾ?" ಎಂದ, ತೆಲುಗು ಬೆರೆಸಿ. ಪೆದ್ದಾಯನ ಎಂದರೆ ಹಿರಿಯರು, ಪೆದ್ದ ಅಲ್ಲ. ನಾನು ಕಿವಿಗೆ ದಾಟಿಸಿದೆ. ತಾತ ಶೆಡ್ಡಿನ ಮೂಲೆ ಕಡೆ ಕೈ ತೋರಿಸಿ, "ಎಲ್ಲಾ ತಗಂಡೋಗು. ಅದೊಂದು ಬುಟ್ಟು," ಎಂದ.

"ಸರೇ," ಎಂದ ಅವನು. ಹಳೇ ಪುಲ್ಲಿ, ಹ್ಯಾಂಡಲ್, ಬೆಲ್ಟು, ಎಣ್ಣೆಯ ಡಬ್ಬ ಎಲ್ಲವನ್ನೂ ಗಾಡಿಗೆ ಎಸೆದ. ಮೂಲೆಯಲ್ಲಿದ್ದ ಹೊಸ ಪುಲ್ಲಿಯನ್ನು ಮಾತ್ರ ಮುಟ್ಟದೆ ಹೋದ. ತೆಲುಗಿನವನಿಗೆ ಮೊದಲ ಸಲಕ್ಕೇ ಅರ್ಥವಾಯಿತು, ನೋಡಿ.

ಈಗ ಅಲ್ಲಿ ಗೋಬಿ ಅಂಗಡಿ ಇದೆ. ವ್ಯಾಪಾರ ಪರವಾಗಿಲ್ಲ. ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಪುಲ್ಲಿ ಅಡ್ಡ ಇದೆ. ಅದು ಏನು ಎಂದು ಕೇಳುವವರಿಗೆ ನಾನು ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತೇನೆ: ವಿಮಾನದ ಗಾಲಿ, ಟಿಪ್ಪುವಿನ ಕಾಲದ ಇಡ್ಲಿ ತಟ್ಟೆ, ನಮ್ಮ ತಾತ ಕುಸ್ತಿಯಲ್ಲಿ ಗೆದ್ದ ಕಡಗ. ತಾತ ಅದರ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಾನೆ. ಸ್ಟವ್ ಬುಸುಗುಡುತ್ತದೆ, ಬಾಣಲೆ ಟಣಗುಟ್ಟುತ್ತದೆ, ಚಿಕ್ಕಪ್ಪ ಹಾಡು ಹಾಕಿರುತ್ತಾನೆ. ತಾತನಿಗೆ ಯಾವುದೂ ಕೇಳುವುದಿಲ್ಲ.

ಮೊನ್ನೆ ಅಮಾವಾಸ್ಯೆ. ತಾತ ಎದ್ದು ಹೋಗಿ ಗೋಡೆಗೆ ಅಂಗೈ ಒತ್ತಿ ಕೂತ. ಗೋಡೆಗೆ ಈಗ ಹಳದಿ ಬಣ್ಣ, ಅದರ ಮೇಲೆ ಹೂಕೋಸಿನ ಚಿತ್ರ. ನನಗೆ ನೋಡಲಾಗಲಿಲ್ಲ. ಎಡಗಿವಿಗೆ ಬಾಯಿಟ್ಟು, ಇಂಜಿನ್ನು ಹೇಗೆ ಬಡಿಯುತ್ತಿತ್ತೋ ಹಾಗೆಯೇ, ಹೊಟ್ಟೆಯಿಂದ ಕುಕ್ ಕುಕ್ ಕುಕ್ ಎಂದೆ. ಚೆನ್ನಾಗಿಯೇ ಮಾಡಿದೆ. ಗೋಬಿ ತಿನ್ನುತ್ತಿದ್ದವರು ಚಪ್ಪಾಳೆ ತಟ್ಟಿದರು.

ತಾತ ಕಿವಿ ಒರೆಸಿಕೊಂಡು ನನ್ನ ಕಡೆ ತಿರುಗಿದ.

"ಯಾಕಮ್ಮ ಕಿವಿಗೆ ಗಾಳಿ ಊದ್ತಿದೀಯ? ಹುಳ ಏನಾದ್ರೂ ಹೊಕ್ಕೈತಾ?"